ಕಾಳ್ಗಿಚ್ಚಿನ ಕ್ಯಾಂಪಿಗೆ ಬಾಡಿಗೆ ಲಾರಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳ ಕಾಳ್ಗಿಚ್ಚಿನ ಕ್ಯಾಂಪುಗಳ ಬಗ್ಗೆ ಬರೆದಿದ್ದೆ. ಬೆಂಕಿ ಆರಿಸುವವರಿಗೆ ನೀರು, ಊಟ, ಸ್ನಾನ, ಡೀಸೆಲ್ ಒದಗಿಸುವ ಲಾರಿಗಳಲ್ಲಿ ಹೆಚ್ಚಿನವು ಸರಕಾರದ್ದಲ್ಲ, ಖಾಸಗಿಯವರಿಂದ ಬಾಡಿಗೆಗೆ ಪಡೆದವು ಅಂತ ಅದರಲ್ಲಿ ಒಂದು ಸಾಲು ಇತ್ತು. ಬಂದ ಪತ್ರಗಳೆಲ್ಲ ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಹೊಸ ಓದುಗರಿಗೆ ಒಂದು ಮಾತು. ನಾನು ಐಡಾಹೊ ರಾಜ್ಯದ ಬಾಯ್ಸಿ ಊರಿನಲ್ಲಿ ಇರುವವಳು. ಮೊದಲು ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೆ. ಆಮೇಲೆ ಏಳು ಬೇಸಿಗೆ ಈ ಕ್ಯಾಂಪುಗಳಲ್ಲಿ ವಾಹನಗಳ ಹಾಜರಿ ಬರೆದೆ. 'ಎಕ್ವಿಪ್‌ಮೆಂಟ್ ಟೈಮ್ ರೆಕಾರ್ಡರ್' ಅಂತ ಆ ಹುದ್ದೆಯ ಹೆಸರು. ಯಾವ ಲಾರಿ ಯಾವಾಗ ಬಂತು, ಎಷ್ಟು ಹೊತ್ತು ದುಡಿಯಿತು, ಯಾವಾಗ ಹೊರಟಿತು, ಇಷ್ಟನ್ನು ಬರೆದಿಡೋದು. ಬೆಂಕಿಯ ಎದುರು ನಿಂತವಳು ನಾನಲ್ಲ. ಟೆಂಟಿನೊಳಗೆ ಮಡಚುವ ಮೇಜಿನ ಮುಂದೆ ಕೂತವಳು. ಆದರೆ ಬಾಡಿಗೆ ಲಾರಿಗಳ ಕಥೆ ಪೂರ್ತಿ ಆ ಮೇಜಿನ ಮೇಲೆಯೇ ಹಾದುಹೋಗುತ್ತಿತ್ತು.

ಪ್ರಶ್ನೆ: ಅಷ್ಟು ಶ್ರೀಮಂತ ದೇಶ. ತನ್ನದೇ ಲಾರಿ ಕೊಂಡು ಇಟ್ಟುಕೊಳ್ಳೋಕೆ ಏನು ಕಷ್ಟ? ಕಂಟ್ರಾಕ್ಟರುಗಳ ಕೈಗೆ ಯಾಕೆ ಕೊಡಬೇಕು? (ನಿವೃತ್ತ ಶಿಕ್ಷಕರೊಬ್ಬರು)

ಮೇಷ್ಟ್ರೇ, ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಎಲ್ಲವನ್ನೂ ಕಂಟ್ರಾಕ್ಟರಿಗೆ ಕೊಟ್ಟಿಲ್ಲ. ಅಮೆರಿಕದ ಅರಣ್ಯ ಇಲಾಖೆಗೆ, ಅಂದರೆ ಫಾರೆಸ್ಟ್ ಸರ್ವಿಸ್‌ಗೆ, ತನ್ನದೇ ಬೆಂಕಿ ಎಂಜಿನ್ನುಗಳಿವೆ. ವಿಮಾನದಿಂದ ಧುಮುಕುವ ಸ್ಮೋಕ್‌ಜಂಪರುಗಳು ಸರಕಾರಿ ನೌಕರರೇ. 'ಹಾಟ್‌ಶಾಟ್' ಅನ್ನುವ ನುರಿತ ತಂಡಗಳೂ ಬಹುಪಾಲು ಸರಕಾರದವೇ. ಬಾಡಿಗೆಗೆ ಬರುವುದು ಅವರ ಬೆನ್ನ ಹಿಂದೆ ಬೇಕಾಗುವ ಸಾಮಾನು.

ಆ ಸಾಮಾನು ಎಷ್ಟು ಅಂತ ಕಣ್ಣಿಗೆ ಕಂಡರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿಬಿಡುತ್ತೆ. ಒಂದು ಹೈಸ್ಕೂಲಿನ ಆಟದ ಮೈದಾನ ಅಂದುಕೊಳ್ಳಿ. ಬೆಳಿಗ್ಗೆ ಅಲ್ಲಿ ಹುಲ್ಲು ಬಿಟ್ಟರೆ ಏನೂ ಇಲ್ಲ. ಮಾರನೇ ದಿನ ಸಂಜೆಗೆ ಸಾವಿರ ಜನರ ಊರು ಎದ್ದಿರುತ್ತೆ. ಅಡುಗೆ ಮಾಡುವ ಟ್ರೇಲರ್ ಒಂದು ಕಡೆ. ತರಕಾರಿ, ಮಾಂಸ ಇಡುವ ಶೀತಲ ಪೆಟ್ಟಿಗೆಯ ಟ್ರೇಲರ್ ಅದರ ಪಕ್ಕ. ಸ್ನಾನದ ಟ್ರೇಲರ್, ಕೈ ತೊಳೆಯುವ ನಲ್ಲಿಗಳ ಸಾಲು, ಶೌಚದ ಡಬ್ಬಿಗಳು. ಕುಡಿಯುವ ನೀರು ತರುವ ಲಾರಿ ಬೇರೆ, ಸ್ನಾನದ ಕೊಳೆ ನೀರು ಹೊತ್ತೊಯ್ಯುವ ಲಾರಿ ಬೇರೆ. ನಕ್ಷೆ ಅಚ್ಚು ಹಾಕುವ ಟ್ರೇಲರ್, ಡೀಸೆಲ್ ತುಂಬುವ ಲಾರಿ, ಮೆಕ್ಯಾನಿಕ್‌ನ ಗಾಡಿ, ಜನರನ್ನು ಸಾಗಿಸುವ ಬಸ್ಸು. ಇವೆಲ್ಲ ಕ್ಯಾಂಪಿಗೆ. ಬೆಂಕಿಯ ಅಂಚಿಗೆ ಅಂತ ಬುಲ್ಡೋಜರುಗಳು, ಮರ ಕಡಿಯುವವರು, ಮತ್ತೆ ನೀರಿನ ಟ್ಯಾಂಕರುಗಳು. ಅಲ್ಲಿ ನೀರಿನ ಟ್ಯಾಂಕರಿಗೆ 'ವಾಟರ್ ಟೆಂಡರ್' ಅಂತಾರೆ. ನಮ್ಮಲ್ಲಿ ಟೆಂಡರ್ ಅಂದರೆ ಗುತ್ತಿಗೆಗೆ ದರ ಬರೆದು ಹಾಕುವ ಕಾಗದ. ಮೊದಲ ವಾರ "ನಾಲ್ಕು ಟೆಂಡರ್ ಬಂದಿವೆ" ಅಂತ ಯಾರೋ ಹೇಳಿದಾಗ ನಾನು ಮೇಜಿನ ಮೇಲೆ ಲಕೋಟೆ ಹುಡುಕಿದ್ದೆ! ಈ ಅಂಕಣದಲ್ಲಿ ಟ್ಯಾಂಕರ್ ಅಂತಲೇ ಬರೆಯುತ್ತೇನೆ.

ಇನ್ನರ್ಧ ಉತ್ತರ ಲೆಕ್ಕದ್ದು. 2020ರಲ್ಲಿ ಆ ದೇಶದಲ್ಲಿ ಒಂದು ಕೋಟಿ ಎಕರೆಗೂ ಹೆಚ್ಚು ಸುಟ್ಟುಹೋಯಿತು. 2023ರಲ್ಲಿ ಸುಮಾರು 27 ಲಕ್ಷ ಎಕರೆ. ಒಂದು ಕೋಟಿ ಎಕರೆಯ ವರ್ಷಕ್ಕೆ ಸಾಲುವಷ್ಟು ಲಾರಿ ಕೊಂಡರೆ, 27 ಲಕ್ಷದ ವರ್ಷ ಅವು ಶೆಡ್ಡಿನಲ್ಲಿ ನಿಂತು ತುಕ್ಕು ಹಿಡಿಯುತ್ತವೆ. ಚಾಲಕರಿಗೆ ಸಂಬಳ ಮಾತ್ರ ನಿಲ್ಲುವುದಿಲ್ಲ. ಬೆಂಕಿಯ ಕಾಲ ವರ್ಷದಲ್ಲಿ ಕೆಲವು ತಿಂಗಳು. ಉಳಿದ ತಿಂಗಳುಗಳಲ್ಲಿ ಅದೇ ಟ್ಯಾಂಕರ್ ರಸ್ತೆ ಕೆಲಸದ ಜಾಗದಲ್ಲಿ ದೂಳು ಏಳದ ಹಾಗೆ ನೀರು ಹೊಡೆಯುತ್ತಾ ದುಡಿಯಬಹುದು. ಅದೇ ಬುಲ್ಡೋಜರ್ ಮರ ಸಾಗಿಸುವ ದಾರಿ ಮಾಡಬಹುದು. ಸರಕಾರದ ಕೈಯಲ್ಲಿ ಇದ್ದರೆ ಅದಕ್ಕೆ ಆ ದಾರಿ ಇಲ್ಲ. ಈ ಒಂದು ವಿಷಯದಲ್ಲಿ ಬಾಡಿಗೆ ಪದ್ಧತಿ ಸರಿ ಅಂತಲೇ ನನ್ನ ಅಭಿಪ್ರಾಯ.

ಆಕಾಶದಲ್ಲೂ ಇದೇ ಕಥೆ. ಬೆಂಕಿಯ ಮೇಲೆ ನೀರು, ರಾಸಾಯನಿಕ ಸುರಿಯಲು ಫಾರೆಸ್ಟ್ ಸರ್ವಿಸ್ ಬಳಸುವ ದೊಡ್ಡ ಟ್ಯಾಂಕರ್ ವಿಮಾನಗಳು ಹೆಚ್ಚಾಗಿ ಖಾಸಗಿ ಕಂಪನಿಗಳವು. ಕ್ಯಾಲಿಫೋರ್ನಿಯಾ ರಾಜ್ಯದ ದಾರಿ ಬೇರೆ. ಅಲ್ಲಿನ ಕ್ಯಾಲ್ ಫೈರ್, ಅಂದರೆ ರಾಜ್ಯದ ಅಗ್ನಿಶಾಮಕ ಇಲಾಖೆ, ತನ್ನದೇ ಟ್ಯಾಂಕರ್ ವಿಮಾನ ಇಟ್ಟುಕೊಂಡಿದೆ, ಅವನ್ನು ಹಾರಿಸುವ ಪೈಲಟ್‌ಗಳು ಮಾತ್ರ ಗುತ್ತಿಗೆ ಕಂಪನಿಯವರು.

ಒಂದು ಸಣ್ಣ ವಾಹನದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಲಾರಿ ತೊಳೆಯುವ ಘಟಕ. ಕ್ಯಾಂಪಿಗೆ ಬರುವ, ಹೋಗುವ ಗಾಡಿಗಳ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆದು ಮಣ್ಣು ಕಿತ್ತು ಹಾಕುತ್ತೆ. ಅಂದಕ್ಕಲ್ಲ. ಆ ಮಣ್ಣಿನಲ್ಲಿ ಕಳೆಬೀಜ ಇರುತ್ತೆ. ಐಡಾಹೊ, ನೆವಾಡದ ಬಯಲಿನಲ್ಲಿ 'ಚೀಟ್‌ಗ್ರಾಸ್' ಅನ್ನುವ ಹೊರಗಿನಿಂದ ಬಂದ ಹುಲ್ಲು ಹಬ್ಬಿದೆ. ಬೇಸಿಗೆ ಶುರುವಾಗುವ ಹೊತ್ತಿಗೇ ಒಣಗಿ ಕಾಗದದ ಹಾಗೆ ಹತ್ತಿಕೊಳ್ಳುತ್ತೆ. ಈ ವರ್ಷದ ಬೆಂಕಿ ಆರಿಸಲು ಬಂದ ಲಾರಿಯೇ ಮುಂದಿನ ವರ್ಷದ ಬೆಂಕಿಗೆ ಬೀಜ ಹೊತ್ತು ಹೋಗಬಾರದು, ಅಲ್ವಾ? ಒಬ್ಬ ಹುಡುಗ ಇಡೀ ದಿನ ಆ ನೀರಿನ ಪೈಪು ಹಿಡಿದು ನಿಂತಿರುತ್ತಿದ್ದ. ಅವನ ಹಾಜರಿ ಬರೆಯುವಾಗ ಕಾಗದವೇ ಒದ್ದೆಯಾಗಿರುತ್ತಿತ್ತು.

ಪ್ರಶ್ನೆ: ಬೆಂಕಿ ಬಿದ್ದಾಗ ಯಾವ ಕಂಟ್ರಾಕ್ಟರನ್ನು ಮೊದಲು ಕರೆಯುತ್ತಾರೆ? ಪರಿಚಯ, ಶಿಫಾರಸು ನಡೆಯುತ್ತಾ? (ಬ್ಯಾಂಕ್ ಉದ್ಯೋಗಿ)

ಹಿಂದೆ ಬಹಳಷ್ಟು ವ್ಯವಹಾರ ಬೆಂಕಿಯ ಹೊತ್ತಿಗೇ ಕುದುರುತ್ತಿತ್ತು. ಬೆಟ್ಟ ಉರಿಯುತ್ತಿರುವಾಗ ಚೌಕಾಸಿಗೆ ಕೂತರೆ ಯಾರ ಕೈ ಮೇಲಾಗುತ್ತೆ, ನೀವೇ ಹೇಳಿ. ಈಗ ಬೆಂಕಿಯ ಕಾಲಕ್ಕೆ ಮೊದಲೇ ಕಂಪ್ಯೂಟರಿನಲ್ಲಿ ದರ ಕರೆಯುತ್ತಾರೆ. ಆ ವ್ಯವಸ್ಥೆಯ ಹೆಸರನ್ನು ಎಲ್ಲರೂ 'ವೈಪರ್' ಅಂತ ಕರೆಯುತ್ತಾರೆ. ಲಾರಿ ಯಾವ ಬಗೆಯದು, ಎಷ್ಟು ನೀರು ಹಿಡಿಯುತ್ತೆ, ದಿನಕ್ಕೆ ಎಷ್ಟು ಬಾಡಿಗೆ, ಎಲ್ಲವನ್ನೂ ಮಾಲೀಕರು ಅದರಲ್ಲಿ ತುಂಬಬೇಕು. ಪ್ರತಿ ಪ್ರದೇಶಕ್ಕೂ ಒಂದು ಸರದಿ ಪಟ್ಟಿ ತಯಾರಾಗುತ್ತೆ. ಬೆಂಕಿ ಬಿದ್ದಾಗ ಪಟ್ಟಿಯ ಮೇಲಿನಿಂದ ಕರೆ ಮಾಡುತ್ತಾ ಬರುತ್ತಾರೆ. ಮೊದಲನೆಯವನ ಲಾರಿ ಸಿದ್ಧವಿಲ್ಲ ಅಂದರೆ ಎರಡನೆಯವನಿಗೆ. ಬೆಂಕಿ ಆಗಷ್ಟೇ ಹತ್ತಿಕೊಂಡಿದ್ದರೆ ಮಾತ್ರ ಬೇರೆ ಲೆಕ್ಕ. ಆಗ ಹತ್ತಿರ ಯಾರಿದ್ದಾರೋ ಅವರಿಗೇ ಕರೆ.

ಶಿಫಾರಸಿಗೆ ಇದರಲ್ಲಿ ಜಾಗ ಕಡಿಮೆ. ನನಗೆ ಬೇಸರ ಇರುವುದು ಬೇರೆ ಕಡೆ. ಕೆಲವು ಬಗೆಯ ವಾಹನಗಳಿಗೆ ಗುಣಮಟ್ಟದ ಲೆಕ್ಕ ಇದ್ದರೂ ಕೊನೆಗೆ ದರದ ಮಾತೇ ಜೋರಾಗುತ್ತೆ. ಅನುಭವಿ ಚಾಲಕನಿಗೆ ಒಳ್ಳೆಯ ಸಂಬಳ ಕೊಟ್ಟು, ಪ್ರತಿ ವರ್ಷ ಟೈರು ಬದಲಿಸಿ, ಅದಕ್ಕೆ ತಕ್ಕ ದರ ಬರೆದವನು ಪಟ್ಟಿಯಲ್ಲಿ ಕೆಳಗೆ ಜಾರುತ್ತಾನೆ. ಒಂದು ರೂಪಾಯಿ ಕಡಿಮೆ ಮಾಡಿದವನು ಮೇಲೆ ಕೂರುತ್ತಾನೆ. ಒಪ್ಪಂದ ಆಯಿತು ಅಂದ ಮಾತ್ರಕ್ಕೆ ಕೆಲಸ ಗ್ಯಾರಂಟಿಯೂ ಇಲ್ಲ. ಇಡೀ ಬೇಸಿಗೆ ಫೋನು ಬರದೇ ಹೋಗಬಹುದು. ಹಾಗಾಗಿ ಪಟ್ಟಿಯಲ್ಲಿ ಮೇಲೆ ಕೂರಲೇಬೇಕು ಅನ್ನುವ ಒತ್ತಡ ಸಣ್ಣದಲ್ಲ. ಆ ಒತ್ತಡ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಮುಂದೆ ಇನ್ನೊಂದು ಪ್ರಶ್ನೆಯಲ್ಲಿ ಬರುತ್ತೆ.

ಪ್ರಶ್ನೆ: ಕಾಡು ಉರಿದಷ್ಟೂ ಇವರಿಗೆ ದುಡ್ಡು. ಹಾಗಿದ್ದ ಮೇಲೆ ಬೆಂಕಿ ಬೇಗ ಆರಲಿ ಅಂತ ಇವರು ಯಾಕೆ ಬಯಸುತ್ತಾರೆ? (ಎಂ.ಎ. ವಿದ್ಯಾರ್ಥಿನಿ)

ನಿನ್ನ ಪ್ರಶ್ನೆ ಓದಿ ಒಂದು ದಿನ ಸುಮ್ಮನೆ ಕೂತಿದ್ದೆ ಮಗಳೇ. ಯಾಕೆಂದರೆ ಇದೇ ಪ್ರಶ್ನೆ ಮೊದಲ ಬೇಸಿಗೆಯಲ್ಲಿ ನನಗೂ ಬಂದಿತ್ತು.

ದುಡ್ಡು ದೊಡ್ಡದು, ಅದು ನಿಜ. 1995ರಲ್ಲಿ ಫಾರೆಸ್ಟ್ ಸರ್ವಿಸ್‌ನ ಬಜೆಟ್ಟಿನಲ್ಲಿ ಬೆಂಕಿಯ ಪಾಲು ನೂರಕ್ಕೆ 16 ಇತ್ತು. 2015ರ ಹೊತ್ತಿಗೆ ಅರ್ಧ ದಾಟಿತು. ಬೆಂಕಿಯ ಖರ್ಚು ಮಿತಿ ಮೀರಿದ ವರ್ಷ ಕಾಡು ನೋಡಿಕೊಳ್ಳುವ ಬೇರೆ ಕೆಲಸಗಳ ಹಣ ಎತ್ತಿ ಇದಕ್ಕೆ ಹಾಕುತ್ತಿದ್ದರು. ಅಂದರೆ ಒಣ ಪೊದೆ ತೆಗೆದು ಮುಂದಿನ ಬೆಂಕಿ ತಡೆಯಬೇಕಾದ ದುಡ್ಡು ಈಗಿನ ಬೆಂಕಿಗೆ ಹೋಗುತ್ತಿತ್ತು. ಇದನ್ನು ಸರಿಮಾಡಲು 2018ರಲ್ಲಿ ಕಾನೂನು ತಂದರು. 2020ರ ಬಜೆಟ್ ವರ್ಷದಿಂದ ಬೆಂಕಿಗೆ ಬೇರೆ ನಿಧಿ ಬಂತು.

ಆದರೆ ಕ್ಯಾಂಪಿನಲ್ಲಿ ನಾನು ಕಂಡ ಲಾರಿ ಮಾಲೀಕರು ಹೆಚ್ಚಾಗಿ ಸಣ್ಣವರು. ಗಂಡ, ಹೆಂಡತಿ, ಎರಡು ಲಾರಿ. ಅಪ್ಪ, ಮಗ, ಒಂದು ಬುಲ್ಡೋಜರ್. ಉರಿಯುತ್ತಿರುವುದು ಎಷ್ಟೋ ಸಲ ಅವರ ಪಕ್ಕದ ಜಿಲ್ಲೆಯೇ. ಅವರು ಬೆಂಕಿ ಬೆಳೆಯಲಿ ಅಂತ ಹಾರೈಸಿದ್ದು ನಾನು ಕಾಣಲಿಲ್ಲ. ಆಸೆ ಹುಟ್ಟುವುದು ಬೆಂಕಿಯಲ್ಲಲ್ಲ, ಗಂಟೆಯಲ್ಲಿ. ಅರ್ಧ ಗಂಟೆ ಮುಂಚೆ ಶುರುಮಾಡಿದೆ ಅಂತ ಬರೆಯೋಣ ಅನಿಸುತ್ತೆ. ಕೆಟ್ಟು ನಿಂತಿದ್ದ ಎರಡು ಗಂಟೆ ಬರೆಯದೇ ಬಿಡೋಣ ಅನಿಸುತ್ತೆ. ಹೆಚ್ಚಿನ ವಾಹನಗಳಿಗೆ ದಿನದ ಬಾಡಿಗೆ ಇರುತ್ತೆ. ಬಂದ ದಿನವೋ ಹೋಗುವ ದಿನವೋ ಎಂಟು ಗಂಟೆಗಿಂತ ಕಡಿಮೆ ಆದರೆ ಅರ್ಧ ಬಾಡಿಗೆ. ಏಳೂವರೆ ಗಂಟೆ ದುಡಿದವನಿಗೆ ಆ ಅರ್ಧ ಗಂಟೆ ಎಷ್ಟು ದೊಡ್ಡದು ಅಂತ ನೋಡು.

ಅದಕ್ಕೆ ಅಂತಲೇ ಒಂದು ಚೀಟಿ ಇದೆ. 'ಶಿಫ್ಟ್ ಟಿಕೆಟ್' ಅಂತ. ಒಪ್ಪಂದದ ಸಂಖ್ಯೆ, ಕರೆ ಬಂದಾಗ ಕೊಟ್ಟ ಆರ್ಡರ್ ಸಂಖ್ಯೆ, ಗಾಡಿಯ ಚಾಸಿ ನಂಬರ್, ಚಾಲಕನ ಹೆಸರು, ಶುರುವಾದ ಹೊತ್ತು, ಮುಗಿದ ಹೊತ್ತು, ಕೊನೆಯಲ್ಲಿ ಟಿಪ್ಪಣಿಗೆ ನಾಲ್ಕು ಗೆರೆ. ಕೆಳಗೆ ಎರಡು ಸಹಿ. ಒಂದು ಮಾಲೀಕರ ಕಡೆಯದು, ಇನ್ನೊಂದು ಆ ದಿನ ಅವನ ಕೆಲಸ ಕಣ್ಣಾರೆ ನೋಡಿದ ಸರಕಾರಿ ಮೇಲ್ವಿಚಾರಕರದು. ರಾತ್ರಿ ಒಂಬತ್ತರ ಮೇಲೆ ಚಾಲಕರು ಒಬ್ಬೊಬ್ಬರಾಗಿ ಟೆಂಟಿಗೆ ಬರುತ್ತಿದ್ದರು. ಚೀಟಿ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ, ಮಡಿಕೆಯಲ್ಲಿ ಮಸಿ ಕೂತು, ಅಂಕಿಗಳೇ ಕಾಣದ ಹಾಗೆ ಆಗಿರುತ್ತಿತ್ತು. ನಾನು ದೀಪದ ಕೆಳಗೆ ಹಿಡಿದು ಓದಿ ಹೇಳುತ್ತಿದ್ದೆ. ಅವರು ಹೌದು ಅಂದ ಮೇಲೆ ಕಂಪ್ಯೂಟರಿಗೆ ಹಾಕುತ್ತಿದ್ದೆ.

ಆ ಸಹಿ ಇದೆಯಲ್ಲ, ಅದನ್ನು ಸುಮ್ನೆ ಹಾಕಿದರೆ ಎಲ್ಲವೂ ಕೆಟ್ಟಿತು. ಒಬ್ಬ ಮೇಲ್ವಿಚಾರಕ ಬೆಳಿಗ್ಗೆಯೇ ಖಾಲಿ ಚೀಟಿಗಳಿಗೆ ಸಹಿ ಮಾಡಿ ಹಂಚಿದ್ದ. ಸಂಜೆ ಹೊತ್ತು ಉಳಿಯಲಿ ಅಂತ. ಐದು ಚೀಟಿಯಲ್ಲೂ ಒಂದೇ ಪೆನ್ನು, ಒಂದೇ ಓರೆ. ಗಂಟೆಗಳು ಮಾತ್ರ ಬೇರೆ ಬೇರೆ ಕೈಬರಹ. ನಾನು ಐದನ್ನೂ ಪಕ್ಕಕ್ಕಿಟ್ಟೆ. ಚಾಲಕರು ಸಿಟ್ಟಾದರು. ಅವರದೇನೂ ತಪ್ಪಿರಲಿಲ್ಲ. ಮಾರನೇ ದಿನ ಆ ಮೇಲ್ವಿಚಾರಕನನ್ನೇ ಕೂರಿಸಿಕೊಂಡು ಒಂದೊಂದಾಗಿ ಮತ್ತೆ ಬರೆಸಿದೆವು.

ಇನ್ನೊಂದು ಸೋರಿಕೆ ಇದೆ. ಅದು ಕಂಟ್ರಾಕ್ಟರಿನದಲ್ಲ, ಸರಕಾರದ್ದೇ. ಬೆಂಕಿ ತಗ್ಗಿದ ಮೇಲೂ "ಇರಲಿ, ಮತ್ತೆ ಗಾಳಿ ಎದ್ದರೆ?" ಅಂತ ಲಾರಿಗಳನ್ನು ನಿಲ್ಲಿಸಿಕೊಳ್ಳೋದು. ಒಂದು ಬೇಸಿಗೆ ಮೂರು ಟ್ಯಾಂಕರುಗಳು ಐದು ದಿನ ಬೇಲಿಯ ಪಕ್ಕ ನಿಂತಿದ್ದವು. ಚಾಲಕರು ಲಾರಿಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ದಿನದ ಬಾಡಿಗೆ ಓಡುತ್ತಿತ್ತು. ನಾನು ಐದು ದಿನದ ಮೊತ್ತ ಕೂಡಿ ಒಂದು ಚೀಟಿಯಲ್ಲಿ ಬರೆದು ಸಂಜೆಯ ಸಭೆಗೆ ಹೋಗುವವರ ಕೈಗೆ ಕೊಟ್ಟೆ. ಮಾರನೇ ದಿನ ಎರಡನ್ನು ಮನೆಗೆ ಕಳಿಸಿದರು. ಇದಕ್ಕೆ ಯಾವ ತನಿಖೆಯೂ ಬೇಕಿರಲಿಲ್ಲ. ಯಾರೋ ಒಬ್ಬರು ಕೂಡಿ ನೋಡಬೇಕಿತ್ತು ಅಷ್ಟೇ. ಹಾಗೆ ಕೂಡಿ ನೋಡುವ ಕೆಲಸವನ್ನೂ ಹೊರಗೆ ಕೊಟ್ಟರೆ ಮಾತ್ರ ನಿನ್ನ ಅನುಮಾನ ನಿಜವಾಗುತ್ತೆ.

ನನ್ನ ಕೈಯಿಂದಲೂ ಒಂದು ತಪ್ಪಾಗಿದೆ. ಅದನ್ನೂ ಹೇಳಿಬಿಡುತ್ತೇನೆ. ಒಂದು ದಂಪತಿಯ ಟ್ಯಾಂಕರಿನ ಆರ್ಡರ್ ಸಂಖ್ಯೆಯಲ್ಲಿ ಎರಡು ಅಂಕಿ ಹಿಂದುಮುಂದಾಗಿ ಬರೆದಿದ್ದೆ. ಬಿಲ್ಲು ಪಾವತಿ ಕಚೇರಿಗೆ ಹೋಗಿ ವಾಪಸ್ ಬಂತು. ತಿದ್ದಿ ಮತ್ತೆ ಕಳಿಸುವ ಹೊತ್ತಿಗೆ ಕ್ಯಾಂಪೇ ಎದ್ದಿತ್ತು, ಸಹಿ ಮಾಡಬೇಕಾದವರು ಬೇರೆ ರಾಜ್ಯದ ಬೆಂಕಿಗೆ ಹೋಗಿದ್ದರು. ಆ ದಂಪತಿಗೆ ದುಡ್ಡು ಬಂದದ್ದು ಚಳಿಗಾಲ ಶುರುವಾದ ಮೇಲೆ. ಆಕೆ ಫೋನಿನಲ್ಲಿ ಕೂಗಾಡಲಿಲ್ಲ. "ಚಾಲಕನಿಗೆ ಸಾಲ ಮಾಡಿ ಸಂಬಳ ಕೊಟ್ಟೆವು" ಅಂತಷ್ಟೇ ಹೇಳಿದರು. ಅದಾದ ಮೇಲೆ ಪ್ರತಿ ಸಂಖ್ಯೆಯನ್ನೂ ಬೆರಳಿಟ್ಟು ಎರಡು ಸಲ ಓದುತ್ತಿದ್ದೆ. ಕಂಟ್ರಾಕ್ಟರು ಸರಕಾರವನ್ನು ನುಂಗುತ್ತಾರೆ ಅನ್ನುವ ಮಾತು ಕೇಳಿದಾಗ ನನಗೆ ಆ ದನಿ ನೆನಪಾಗುತ್ತೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಶ್ರೀಮಂತರು ತಮ್ಮ ಮನೆಗೆ ಮಾತ್ರ ಖಾಸಗಿ ಅಗ್ನಿಶಾಮಕ ಪಡೆ ಇಟ್ಟುಕೊಳ್ಳುತ್ತಾರಂತೆ. ಅವರೂ ಇವರೂ ಒಂದೇನಾ?

ಅಲ್ಲ. ನಾನು ಹೇಳುತ್ತಿರುವವರು ಸರಕಾರದ ಕರೆಗೆ ಬಂದು ಸರಕಾರದ ಅಧಿಕಾರಿಯ ಕೈಕೆಳಗೆ ದುಡಿಯುವವರು. ನೀವು ಕೇಳಿದವರನ್ನು ಕರೆಸುವುದು ವಿಮಾ ಕಂಪನಿ ಅಥವಾ ಮನೆ ಮಾಲೀಕರು. ಅಂಥವರಿಗಾಗಿ ಕ್ಯಾಲಿಫೋರ್ನಿಯಾ 2018ರಲ್ಲಿ ಪ್ರತ್ಯೇಕ ಕಾನೂನು ಮಾಡಿತು. ಕೆಲವು ಕಂಪನಿಗಳು ಎರಡೂ ಕೆಲಸ ಮಾಡುವುದರಿಂದ ಗೊಂದಲ ಆಗುತ್ತೆ.

ಪ್ರಶ್ನೆ: ಕಡಿಮೆ ದರಕ್ಕೆ ಒಪ್ಪಿಕೊಂಡವರು ಸುರಕ್ಷತೆಯಲ್ಲಿ ಉಳಿತಾಯ ಮಾಡೋದಿಲ್ಲವೇ? (ಲಾರಿ ಮಾಲೀಕರ ಮಗ)

ಮಾಡುತ್ತಾರೆ. ಅದರ ಬೆಲೆ ಎಷ್ಟು ಅಂತ ಆ ದೇಶ ಕಂಡಿದೆ.

2008ರ ಆಗಸ್ಟ್ 5. ಉತ್ತರ ಕ್ಯಾಲಿಫೋರ್ನಿಯಾದ ಟ್ರಿನಿಟಿ ಬೆಟ್ಟಗಳಲ್ಲಿ ಸಂಜೆ ಹೊತ್ತು. ಬೆಂಕಿ ಕೆಲಸ ಮುಗಿಸಿದವರನ್ನು ವಾಪಸ್ ತರಲು ಹೋದ ಗುತ್ತಿಗೆ ಹೆಲಿಕಾಪ್ಟರ್ ಮೇಲೇಳುವಾಗಲೇ ಮರಗಳಿಗೆ ಬಡಿದು ಬಿತ್ತು. ಒಳಗಿದ್ದ 13 ಜನರಲ್ಲಿ 9 ಜನ ಸತ್ತರು. ತನಿಖೆಯಲ್ಲಿ ಗೊತ್ತಾದದ್ದು ಇದು: ಗುತ್ತಿಗೆ ಹಿಡಿಯುವಾಗ ಕೊಟ್ಟ ಕಾಗದಗಳಲ್ಲಿ ಹೆಲಿಕಾಪ್ಟರಿನ ತೂಕವನ್ನು ಬೇಕೆಂದೇ ಕಡಿಮೆ ತೋರಿಸಿದ್ದರು. ಎಷ್ಟು ಭಾರ ಎತ್ತಬಲ್ಲದು ಅನ್ನುವ ಪಟ್ಟಿಯನ್ನೂ ತಿದ್ದಿದ್ದರು. ಪೈಲಟ್ ಆ ಅಂಕಿಗಳನ್ನು ನಂಬಿ ಲೆಕ್ಕ ಹಾಕಿದ್ದ. ಆ ಕಂಪನಿಯ ಒಬ್ಬ ಮುಖ್ಯಸ್ಥನಿಗೆ 2015ರಲ್ಲಿ 12 ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಯಿತು. ಆದರೆ ತನಿಖಾ ಮಂಡಳಿ ಅಲ್ಲಿಗೇ ನಿಲ್ಲಲಿಲ್ಲ. ಫಾರೆಸ್ಟ್ ಸರ್ವಿಸ್ ಮತ್ತು ವಿಮಾನಯಾನ ಇಲಾಖೆ ಸರಿಯಾಗಿ ಪರಿಶೀಲನೆ ಮಾಡಲಿಲ್ಲ ಅನ್ನುವುದನ್ನೂ ಕಾರಣಗಳಲ್ಲಿ ಸೇರಿಸಿತು.

ನಾನು ಈ ಕೆಲಸಕ್ಕೆ ಸೇರಿದ್ದು ಅದಾದ ಎಷ್ಟೋ ವರ್ಷದ ಮೇಲೆ. ಆದರೂ ತರಬೇತಿಯಲ್ಲಿ ಇದನ್ನು ಕೇಳಿದ ದಿನ ನನ್ನ ಮೇಜಿನ ಕೆಲಸವನ್ನು ನೋಡುವ ಕಣ್ಣೇ ಬದಲಾಯಿತು. ಒಂಬತ್ತು ಜನರನ್ನು ಕೊಂದದ್ದು ಒಂದು ಕಾಗದದ ಮೇಲಿನ ಸುಳ್ಳು ಅಂಕಿ.

ನೆಲದ ಮೇಲೆ ಅಪಾಯ ಹೆಚ್ಚಾಗಿ ರಸ್ತೆಯಲ್ಲಿ. 2003ರ ಆಗಸ್ಟಿನಲ್ಲಿ ಐಡಾಹೊದ ಬೆಂಕಿಯಿಂದ ಮನೆಗೆ ಹೊರಟಿದ್ದ ಗುತ್ತಿಗೆ ತಂಡದ ವ್ಯಾನು ಆರೆಗಾನ್ ರಾಜ್ಯದಲ್ಲಿ ಎದುರಿನ ಲಾರಿಗೆ ಬಡಿದು 8 ಜನ ಸತ್ತರು. ಬೆಂಕಿ ಅವರನ್ನು ಮುಟ್ಟಿರಲೇ ಇಲ್ಲ.

ನೀವು ಲಾರಿಯವರ ಮನೆಯಲ್ಲಿ ಬೆಳೆದವರು. ಟ್ಯಾಂಕರ್ ಯಾಕೆ ಕಷ್ಟ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗಾಗಿ ಬರೆಯುತ್ತೇನೆ. ಅಲ್ಲಿನ ದೊಡ್ಡ ಟ್ಯಾಂಕರ್ 4,000 ಗ್ಯಾಲನ್ ಹಿಡಿಯುತ್ತೆ. ಅಂದರೆ ಸುಮಾರು 15,000 ಲೀಟರ್. ನೀರೇ 15 ಟನ್. ಪೂರ್ತಿ ತುಂಬಿದ್ದರೆ ಒಂದು ರೀತಿ, ಪೂರ್ತಿ ಖಾಲಿಯಾದರೆ ಒಂದು ರೀತಿ. ಅರ್ಧ ಇದ್ದಾಗ ತಿರುವಿನಲ್ಲಿ ನೀರು ಒಂದೇ ಪಕ್ಕಕ್ಕೆ ನುಗ್ಗುತ್ತೆ. ಒಳಗೆ ಅಡ್ಡತಗಡು ಇಲ್ಲದಿದ್ದರೆ ಲಾರಿಯನ್ನೇ ಉರುಳಿಸುತ್ತೆ. ದಾರಿಯಾದರೋ ಕಾಡಿನ ಮಣ್ಣಿನ ದಾರಿ, ಹೊಗೆ, ರಾತ್ರಿ.

ಅದಕ್ಕೇ ಕ್ಯಾಂಪಿನ ಬಾಗಿಲಲ್ಲಿ ತಪಾಸಣೆ. ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಒಂದು ಟ್ಯಾಂಕರ್ ಬಂತು. ಆರು ಗಂಟೆ ಓಡಿಸಿಕೊಂಡು ಬಂದಿದ್ದರು. ತಪಾಸಣೆಯವರು ರಟ್ಟಿನ ಹಾಳೆ ಹಾಸಿಕೊಂಡು, ಹಣೆಗೆ ದೀಪ ಕಟ್ಟಿಕೊಂಡು ಲಾರಿಯ ಕೆಳಗೆ ನುಸುಳಿದರು. ಬ್ರೇಕಿನ ಪೈಪು ನೋಡಿದರು, ಟ್ಯಾಂಕಿನ ಬೆಸುಗೆಯ ಮೇಲೆ ಕೈಯಾಡಿಸಿದರು. ಆಮೇಲೆ ಮುಂದಿನ ಎಡಗಡೆ ಟೈರಿಗೆ ಅಳತೆ ಕಡ್ಡಿ ಇಟ್ಟರು. ಹೊರಗಿನ ಅಂಚಿನಲ್ಲಿ ಬಟನ್, ಅಂದರೆ ಟೈರಿನ ಮೇಲಿನ ಗೀರು, ಸವೆದಿತ್ತು. ಮುಂದಿನ ಚಕ್ರಕ್ಕೆ ಸುಮಾರು ಮೂರು ಮಿಲಿಮೀಟರ್ ಆಳ ಉಳಿದಿರಲೇಬೇಕು ಅಂತ ಅಲ್ಲಿನ ನಿಯಮ. ಅಲ್ಲಿ ಎರಡು ಮಿಲಿಮೀಟರ್ ಕೂಡ ಇರಲಿಲ್ಲ.

ಮಾಲೀಕ ಬೇಡಿಕೊಂಡ. "ಈ ರಾತ್ರಿ ಒಂದು ಬಿಡಿ, ಬೆಳಿಗ್ಗೆ ಹಾಕಿಸುತ್ತೇನೆ, ಮೇಲೆ ನೀರಿಲ್ಲ ಅಂತಿದ್ದಾರಲ್ಲ." ಬೆಟ್ಟದ ಮೇಲೆ ನಿಜವಾಗಿಯೂ ನೀರು ಕಡಿಮೆ ಇತ್ತು. ರೇಡಿಯೋದಲ್ಲಿ ಕೇಳುತ್ತಿತ್ತು. ತಪಾಸಣೆಯವರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಕಾಗದದಲ್ಲಿ 'ತಿರಸ್ಕೃತ' ಅನ್ನುವ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದರು. ಸರಿಪಡಿಸಲು ಸಮಯ ಕೊಡುತ್ತಾರೆ, ಆದರೆ ಅಲ್ಲಿಯವರೆಗೆ ಬಾಡಿಗೆ ಇಲ್ಲ. ಆ ಮಾಲೀಕ ರಾತ್ರಿಯೆಲ್ಲ ಲಾರಿಯಲ್ಲೇ ಕೂತಿದ್ದು, ಬೆಳಿಗ್ಗೆ ಎಂಟಕ್ಕೆ ಟೈರಿನ ಅಂಗಡಿಯ ಗಾಡಿ ಬಂದ ಮೇಲೆ ಬದಲಿಸಿ, ಹತ್ತು ಗಂಟೆಗೆ ಬೆಟ್ಟ ಹತ್ತಿದ. ನಾನು ಅವನ ಹಾಜರಿಯನ್ನು ಹತ್ತರಿಂದ ಬರೆದೆ. ಅವನು ಆ ಅಂಕಿಯನ್ನು ಬಹಳ ಹೊತ್ತು ನೋಡಿದ, ಆಮೇಲೆ ಸಹಿ ಮಾಡಿದ.

ಆ ತಪಾಸಣೆಯವರು ಸರಕಾರದ ಸಂಬಳದವರು. ಮಾಲೀಕನಿಗೆ ದಿನ ನಷ್ಟವಾದರೂ ಅವರ ಜೇಬಿಗೆ ಏನೂ ಬರುವುದಿಲ್ಲ, ಏನೂ ಹೋಗುವುದಿಲ್ಲ. ನಾನು ಗಟ್ಟಿಯಾಗಿ ನಂಬಿರೋದು ಇದನ್ನೇ. ಲಾರಿ ಬಾಡಿಗೆಗೆ ತನ್ನಿ, ಊಟ ಬಾಡಿಗೆಗೆ ತನ್ನಿ, ಟೈರಿಗೆ ಕಡ್ಡಿ ಇಟ್ಟು ನೋಡುವ ಕಣ್ಣನ್ನು ಮಾತ್ರ ಬಾಡಿಗೆಗೆ ತರಬೇಡಿ. ಅಂಥವರ ಕೊರತೆ ಬಿದ್ದ ಬೇಸಿಗೆಗಳಲ್ಲಿ ಒಬ್ಬರೇ ರಾತ್ರಿಯೆಲ್ಲ ಲಾರಿಗಳ ಕೆಳಗೆ ಮಲಗಿ ಏಳುವುದನ್ನು ನೋಡಿದ್ದೇನೆ. ಸರಕಾರ ದುಡ್ಡು ಹಾಕಬೇಕಾದದ್ದು ಅಲ್ಲಿ.

ಪ್ರಶ್ನೆ: ನನ್ನ ಅಕ್ಕನ ಮಗ ಅಮೆರಿಕದಲ್ಲಿ ಟ್ರಕ್ ವ್ಯವಹಾರದಲ್ಲಿದ್ದಾನೆ. ನೀರಿನ ಟ್ಯಾಂಕರ್ ಕೊಂಡು ಈ ಕೆಲಸಕ್ಕೆ ಬಿಡಬೇಕು ಅಂತಿದ್ದಾನೆ. ಏನು ಹೇಳಲಿ? (ಗೃಹಿಣಿ)

ಅವನಿಗೆ ಈ ಪುಟವನ್ನೇ ಕಳಿಸಿ, ಅಮ್ಮಾ.

ಮೊದಲ ಮಾತು ಸಾಲದ್ದು. ಬೆಂಕಿಯ ಬಾಡಿಗೆಯನ್ನೇ ನಂಬಿ ಕಂತು ಕಟ್ಟುವ ಹಾಗೆ ಲಾರಿ ಕೊಳ್ಳಬೇಡ ಅನ್ನಿ. 2020ರಂಥ ವರ್ಷ ನೋಡಿ ಸಾಲ ಮಾಡಿದವನು 2023ರಂಥ ವರ್ಷ ಏನು ಮಾಡಬೇಕು? ಬೆಂಕಿ ಇಲ್ಲದಾಗಲೂ ದುಡಿಯುವ ಕೆಲಸ ಆ ಲಾರಿಗೆ ಇದ್ದರೆ ಮಾತ್ರ ಕೈ ಹಾಕಲಿ. ಬಿಲ್ಲು ಸರಿಯಾಗಿದ್ದರೆ ಸರಕಾರ ಸಾಮಾನ್ಯವಾಗಿ 30 ದಿನದಲ್ಲಿ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಅಂತ ಕಾಯ್ದೆ ಇದೆ. ಆದರೆ 'ಬಿಲ್ಲು ಸರಿಯಾಗಿದ್ದರೆ' ಅನ್ನುವ ಮಾತು ಮುಖ್ಯ. ಆ ದಂಪತಿಯ ಕಥೆ ಮೇಲೆ ಓದಿದಿರಲ್ಲ. ಎರಡು ತಿಂಗಳ ಡೀಸೆಲ್ಲಿಗೂ ಚಾಲಕನ ಸಂಬಳಕ್ಕೂ ಕೈಯಲ್ಲಿ ದುಡ್ಡು ಇಟ್ಟುಕೊಂಡೇ ಹೊರಡಲಿ. ಒಪ್ಪಂದದಲ್ಲಿ 'ವೆಟ್' ಅಂತ ಇದ್ದರೆ ನೀರು ಅಂತ ಅಂದುಕೊಳ್ಳಬಾರದು. ಡೀಸೆಲ್, ಆಯಿಲ್ ಎಲ್ಲ ಮಾಲೀಕನ ಖರ್ಚು ಅಂತ ಅದರ ಅರ್ಥ.

ಸರಕಾರದ ಜೊತೆ ವ್ಯವಹಾರ ಮಾಡುವವರ ನೋಂದಣಿ ಒಂದಿದೆ, 'ಸ್ಯಾಮ್' ಅಂತ. ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಮರೆತು ಕೂತರೆ ಒಪ್ಪಂದವೇ ತೂಗಾಡುತ್ತೆ. ಚಾಲಕನಿಗೆ ಬೆಂಕಿಯ ಹತ್ತಿರ ಹೇಗಿರಬೇಕು ಅನ್ನುವ ತರಬೇತಿ ಪ್ರತಿ ವರ್ಷ ಆಗಲೇಬೇಕು. ಮೈ ಮೇಲೆ ಹೊದ್ದುಕೊಳ್ಳುವ ಬೆಂಕಿ ತಡೆಯುವ ಡೇರೆ, ಹೆಲ್ಮೆಟ್, ಬೆಂಕಿ ಹತ್ತದ ಬಟ್ಟೆ, ಇವುಗಳಲ್ಲಿ ಉಳಿತಾಯ ಬೇಡ. ದಿನದ ಒಟ್ಟು ಲೆಕ್ಕದಲ್ಲಿ ಎರಡು ಗಂಟೆ ದುಡಿತಕ್ಕೆ ಒಂದು ಗಂಟೆ ವಿಶ್ರಾಂತಿ ಇರಬೇಕು. ಹದಿನಾಲ್ಕು ದಿನ ಆದ ಮೇಲೆ ರಜೆ. ಚಾಲಕ ತಾನೇ "ಇನ್ನೂ ಎರಡು ದಿನ ಇರುತ್ತೇನೆ" ಅಂದರೂ ಒಪ್ಪಬಾರದು.

ಕ್ಯಾಂಪಿನಲ್ಲಿ ಯಾರಾದರೂ ಬಾಯಿಮಾತಿನಲ್ಲಿ "ಆ ಪಂಪೂ ಸೇರಿಸಿಕೋ, ಬಾಡಿಗೆ ಕೊಡೋಣ" ಅಂದರೆ ತಕ್ಷಣ ತಲೆಯಾಡಿಸಬೇಡ ಅನ್ನಿ. ಒಪ್ಪಂದ ಬದಲಿಸುವ ಅಧಿಕಾರ ಗುತ್ತಿಗೆ ಅಧಿಕಾರಿಗೆ ಮಾತ್ರ. ಹೇಳಿದವರು ಎಷ್ಟೇ ದೊಡ್ಡ ಹುದ್ದೆಯವರಾದರೂ ಬರಹದಲ್ಲಿ ಇಲ್ಲದ್ದು ಬಿಲ್ಲಿನಲ್ಲಿ ಬರೋದಿಲ್ಲ. ಒಳ್ಳೆಯ ಮನಸ್ಸಿನಿಂದ ಪಂಪು ಕೊಟ್ಟು ಕೊನೆಗೆ ನನ್ನ ಮೇಜಿನ ಮುಂದೆ ಖಾಲಿ ಕೈಯಲ್ಲಿ ನಿಂತವರನ್ನು ಕಂಡಿದ್ದೇನೆ.

ಮತ್ತೆ, ದಿನವೂ ಸಂಜೆ ಶಿಫ್ಟ್ ಟಿಕೆಟಿಗೆ ಸಹಿ ಆದ ಕೂಡಲೇ ಮೊಬೈಲಿನಲ್ಲಿ ಅದರ ಫೋಟೋ ತೆಗೆಯಲಿ. ಜೇಬಿಗೆ ಹಾಕುವ ಮೊದಲೇ. ಮಡಿಕೆ ಬೀಳುವ ಮೊದಲೇ. ಎಲ್ಲಾ ಅಂಕಿ ಕಾಣುತ್ತಿದೆಯಾ ಅಂತ ದೊಡ್ಡದು ಮಾಡಿ ನೋಡಲಿ, ಆಮೇಲೆ ಟೆಂಟಿಗೆ ಬರಲಿ.